ಸ್ಕಾಟ್ಲೆಂಡಿನಲ್ಲಿ ಒಂದು ಮುಂಬಾಗಿಲಿನ ಜಗಳ

ಮೊದಲಿಗೇ ಹೇಳಿಬಿಡುತ್ತೇನೆ: ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಬಣ್ಣ ಅವರಮ್ಮನದು, ಮೂಗು ನನ್ನದು, ಗಂಟಲು ನನ್ನ ಹೆಂಡತಿಯದು. ಈ ಸಂತೋಷ ಹೇಳಿಕೊಂಡಷ್ಟೂ ಮುಗಿಯುವುದಿಲ್ಲ. ಆದರೆ ಅಲ್ಲಿ ನಡೆದ ಅನ್ಯಾಯಗಳನ್ನು ಹೇಳದಿದ್ದರೆ ನನ್ನ ಹೊಟ್ಟೆಯುರಿಯೂ ಆರುವುದಿಲ್ಲ. ನಾನು ನಂದಗುಡಿಗೆ ವಾಪಸು ಬಂದ ದಿನದಿಂದ ಜಗಲಿ ತುಂಬ ಜನ. "ಆಚಾರ್ರೇ, ಹಡಗು ಹೆಂಗಿತ್ತು?" "ಅನ್ನ ಸಿಕ್ತಾ?" "ಅಲ್ಲಿ ಬಿಸಿಲೇ ಇಲ್ವಂತೆ, ಹೌದಾ?" ಎಲ್ಲರೂ ಇದನ್ನೇ ಕೇಳುತ್ತಾರೆ. ಒಬ್ಬನಾದರೂ ಬಾಗಿಲಿನ ವಿಷಯ ಕೇಳಲಿಲ್ಲ. ಅದಕ್ಕೇ ಬರೆಯಲು ಕುಳಿತೆ.

ನಂದಗುಡಿಯ ಬಡಗಿ ಅಷ್ಟು ದೂರ ಹೇಗೆ ಹೋದ ಎಂಬುದನ್ನು ಮೊದಲು ಹೇಳಬೇಕು. ನನ್ನ ಹೆಸರು ಮುನಿವೀರಾಚಾರಿ. ಬೆಂಗಳೂರು ದಂಡಿನಲ್ಲಿ ಒಬ್ಬ ದೊರೆಗೆ ಇಪ್ಪತ್ತು ವರ್ಷ ಮೇಜು, ಮಂಚ, ಬೀರು ಮಾಡಿಕೊಟ್ಟವನು ನಾನು. ಆ ದೊರೆಯ ನೆರವಿನಿಂದಲೇ ನನ್ನ ಮಗ ವೀರಣ್ಣ ದನದ ಡಾಕ್ಟರಿಕೆಯ ದೊಡ್ಡ ಓದಿಗೆ ಸ್ಕಾಟ್ಲೆಂಡಿಗೆ ಹೋದ. ದೊರೆಯ ಅಕ್ಕನಿಗೆ ಅಲ್ಲಿ ಹಳೆಯ ಕಾಲದ ದೊಡ್ಡ ಬಂಗಲೆಯಿದೆ. ಅದರ ಹಿಂಬದಿಯ ಎರಡು ಕೋಣೆಗಳಲ್ಲಿ ನನ್ನ ಮಗ, ಸೊಸೆ ಕಮಲ ಇದ್ದರು. ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ ದೊರೆಯೂ ಊರಿಗೆ ಹೊರಡುವ ತಯಾರಿ ಮಾಡಿದ. ಬೀಟೆಯ ಸಾಮಾನನ್ನು ಮಾತ್ರ ಬಿಟ್ಟು ಹೋಗಲಾರ. ನನ್ನ ಕೆಲಸದಲ್ಲಿ ಮೊಳೆ ಇರುವುದಿಲ್ಲ, ಬೆಣೆ ಅಷ್ಟೇ. ಬಿಚ್ಚಿ ಪೆಟ್ಟಿಗೆಗೆ ತುಂಬಬಹುದು, ಮತ್ತೆ ಕೂಡಿಸಬಹುದು. ಆದರೆ ಕೂಡಿಸುವ ಕೈ ನನ್ನದೇ ಆಗಬೇಕು. "ಆಚಾರಿ, ಸಾಮಾನಿನ ಜೊತೆ ನೀನೂ ಹೋಗು, ಅಕ್ಕನ ಮನೆಯಲ್ಲಿ ಕೂಡಿಸಿ ಬಾ, ನಾನು ಆಮೇಲೆ ಬರುತ್ತೇನೆ" ಎಂದು ದೊರೆ ಹಡಗಿನ ಚೀಟಿ ತೆಗೆಸಿಕೊಟ್ಟ. ಅದೇ ವಾರ ಮಗನ ಕಾಗದ ಬಂತು. ಸೊಸೆಗೆ ಏಳು ತಿಂಗಳು ತುಂಬಿತ್ತು.

ಇರುವುದು ಒಂದೇ ಚೀಟಿ. ನನ್ನ ಹೆಂಡತಿ ಮುನಿಯಮ್ಮ ಒಂದು ದಿನ ಅತ್ತಳು, ಮರುದಿನ ಗಂಟು ಕಟ್ಟಿದಳು. ಅರಿಸಿನ, ಕುಂಕುಮ, ಒಣಗಿಸಿದ ಮಾವಿನೆಲೆಯ ಸರ, ಹಿತ್ತಾಳೆ ತಟ್ಟೆ, ಕೂಸಿನ ನೆತ್ತಿಗೆ ಹಾಕಲು ಒಂದು ಸೀಸೆ ಹರಳೆಣ್ಣೆ.

"ನೋಡಿ, ಬಾಣಂತಿ ಕೂಸು ಎತ್ಕೊಂಡು ಮನೇಗೆ ಬರೋವಾಗ ಮುಂಬಾಗಿಲಲ್ಲಿ ಆರತಿ ಎತ್ತಿ ಒಳಕ್ಕೆ ಕರ್ಕೋಬೇಕು. ಅಲ್ಲಿ ನಮ್ಮೋರು ಅನ್ನೋರು ಯಾರವ್ರೆ? ನೀವೇ ಮಾಡ್ಬೇಕು. ಗಂಡಸು ಅಂತ ನಾಚ್ಕೊಂಡು ಬಿಟ್ಬಿಟ್ಟೀರ ಮತ್ತೆ!"

"ಊರೋರಿಗೆಲ್ಲ ಬಾಗಿಲು ಮಾಡ್ಕೊಟ್ಟೋನು ನಾನು. ನನ್ನ ಮನೆ ಕೂಸಿಗೆ ಬಾಗಿಲ ಶಾಸ್ತ್ರ ತಪ್ಪಿಸ್ತೀನೇನೇ?" ಎಂದೆ.

ಹಡಗಿನಲ್ಲಿ

ಸಮುದ್ರದ ವಿಷಯ ಬರೆಯುವುದಿಲ್ಲ. ನೀರು, ಅಷ್ಟೇ. ನನ್ನ ಕೋಣೆಯ ಬಾಗಿಲಿನ ವಿಷಯ ಬರೆಯಬೇಕು. ಅದು ಕೆಳಗಡೆ ನೆಲಕ್ಕೆ ಉಜ್ಜುತ್ತಿತ್ತು. ತೆಗೆಯಬೇಕಾದರೆ ಭುಜ ಕೊಟ್ಟು ನೂಕಬೇಕು, ನೂಕಿದರೆ ಆಚೆ ಹೋಗುತ್ತಿದ್ದವರ ಮೇಲೆ ಬೀಳಬೇಕು. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಕೀಲು ಬಿಚ್ಚಿ ಬಾಗಿಲನ್ನು ಅಡ್ಡ ಮಲಗಿಸಿ, ಪೆಟ್ಟಿಗೆಯಿಂದ ನನ್ನ ಕೀಸುಳಿ ತೆಗೆದು ಒಂದೆಳೆ ಹೆರೆದೆ. ಅಷ್ಟಕ್ಕೆ ಬಿಳಿ ಅಂಗಿಯ ಅಧಿಕಾರಿಯೊಬ್ಬ ಬಂದು ಕೂಗಾಡಿದ್ದೇನು, ಬರೆದುಕೊಂಡದ್ದೇನು! ನಾನು ಹಡಗನ್ನೇ ಎರಡು ತುಂಡು ಮಾಡಿದೆ ಎನ್ನುವ ಹಾಗೆ. ಬಾಗಿಲನ್ನು ಮತ್ತೆ ಸೇರಿಸಿ, ಒಂದು ಬೆರಳಿನಿಂದ ತೆಗೆದು ತೋರಿಸಿದೆ. ಅವನು ಹೊರಟುಹೋದ. ಮರುದಿನ ಅವನೇ ಬಂದು ನನ್ನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದ. ಅವನ ಬಾಗಿಲೂ ಉಜ್ಜುತ್ತಿತ್ತು! ಅದನ್ನೂ ಹೆರೆದುಕೊಟ್ಟೆ. ಬರೆದುಕೊಂಡದ್ದನ್ನು ಅಳಿಸಿದನೋ ಇಲ್ಲವೋ ನಾನು ಕಾಣೆ.

ಆಸ್ಪತ್ರೆಯಲ್ಲಿ

ಬಂದರಿನಲ್ಲಿ ವೀರಣ್ಣ ನಿಂತಿದ್ದ. ಅವನ ಮುಖ ನೋಡಿದೊಡನೆ ನನಗೆ ಗೊತ್ತಾಯಿತು.

"ಆಯ್ತೇನೋ?"

"ಆಯ್ತಪ್ಪ. ಮೂರು ದಿನ ಆಯ್ತು. ಹೆಣ್ಣು."

ನಾನು ಬಂದರಿನ ಮಧ್ಯೆಯೇ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ನನಗೆ ಮೂವರೂ ಗಂಡುಮಕ್ಕಳು. ಹೆಣ್ಣಿಗಾಗಿ ಹರಕೆ ಹೊತ್ತು ಹೊತ್ತು ಸುಸ್ತಾದ ಮನೆ ನಮ್ಮದು. ಸಾಮಾನಿನ ಪೆಟ್ಟಿಗೆಗಳು ಎಲ್ಲಾದರೂ ಹೋಗಲಿ, ಮೊದಲು ಆಸ್ಪತ್ರೆಗೆ ನಡಿ ಎಂದೆ.

ಅಲ್ಲಿ ಆಯಿತು ಮೊದಲನೆಯ ಅನ್ಯಾಯ. ಕೂಸಿನ ಅಪ್ಪನ ಹೊರತು ಇನ್ನು ಯಾರೂ ಒಳಗೆ ಹೋಗಕೂಡದಂತೆ! ಬಿಳಿ ಟೋಪಿಯ ದಾದಿ ನನ್ನನ್ನು ಒಂದು ಗಾಜಿನ ಮುಂದೆ ನಿಲ್ಲಿಸಿದಳು. ಗಾಜಿನ ಆಚೆ ಸಾಲು ತೊಟ್ಟಿಲು. ಒಳಗೆ ಇನ್ನೊಬ್ಬ ದಾದಿ ಬಟ್ಟೆಯ ಗಂಟೊಂದನ್ನು ಎತ್ತಿ ತೋರಿಸಿದಳು. ಗಂಟಿನಲ್ಲಿ ಅಂಗೈಯಗಲದ ಮುಖ, ತಲೆ ತುಂಬ ಕಪ್ಪು ಕೂದಲು. ಎಣಿಸಿ ಹತ್ತು ಉಸಿರು ಎಳೆಯುವಷ್ಟು ಹೊತ್ತು ಮಾತ್ರ ತೋರಿಸಿ ಮತ್ತೆ ಮಲಗಿಸಿಬಿಟ್ಟಳು. ಅಂಗಡಿಯಲ್ಲಿ ಸೀರೆ ತೋರಿಸುವವನಾದರೂ ಮಡಿಕೆ ಬಿಚ್ಚಿ ತೋರಿಸುತ್ತಾನೆ, ಬೇಕಾದರೆ ಮುಟ್ಟಲೂ ಬಿಡುತ್ತಾನೆ!

"ನಾನು ಏಳು ಸಮುದ್ರ ದಾಟಿ ಬಂದಿರೋದು ಗಾಜು ನೋಡೋಕಾ? ಹೇಳೋ ಅವಳಿಗೆ!"

"ಅಪ್ಪಾ, ಇಲ್ಲಿ ಹಂಗೇನೆ. ಹನ್ನೊಂದನೇ ದಿನ ಮನೇಗೆ ಕಳಿಸ್ತಾರೆ. ಆವಾಗ ಎತ್ಕೊಳ್ಳೋವಂತೆ."

ಹನ್ನೊಂದನೆಯ ದಿನ. ಪುರುಡು ಕಳೆಯುವುದೂ ಆವತ್ತೇ. ಲೆಕ್ಕ ಸರಿಯಾಗಿದೆಯಲ್ಲ ಎಂದು ಸಮಾಧಾನ ತಂದುಕೊಂಡು, ಇನ್ನು ಎಂಟು ದಿನ ತಾನೇ ಎಂದು ಬಂಗಲೆಗೆ ಹೊರಟೆ.

ಬಂಗಲೆ, ಎರಡನೆಯ ದಿನ

ಬಂದ ದಿನ ಮಳೆ, ಮಂಜು, ಏನೂ ಕಾಣಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋದೆವು. ಹಿಂದೆಯೇ ಬಂದ ಸಾಮಾನಿನ ಪೆಟ್ಟಿಗೆಗಳೂ ಅಲ್ಲಿಂದಲೇ ಒಳಗೆ ಹೋದವು. ದಣಿದಿದ್ದೆ, ಸುಮ್ಮನಿದ್ದೆ. ಮರುದಿನ ಬೆಳಿಗ್ಗೆ ಓಟ್ಸ್ ಎಂಬ ಕಾಳಿನ ಗಂಜಿ ಕೊಟ್ಟರು. ಅದು ನಮ್ಮ ರಾಗಿ ಅಂಬಲಿಯ ಬಡಪಾಯಿ ತಂಗಿಯ ಹಾಗಿತ್ತು. ಅದನ್ನು ಕುಡಿದು, ಆರತಿ ಎತ್ತುವ ಬಾಗಿಲು ಯಾವುದು ನೋಡೋಣ ಎಂದು ಮನೆಯ ಮುಂದಕ್ಕೆ ಹೋದೆ.

ನನ್ನ ಜೀವನದಲ್ಲಿ ನಾನು ಎಷ್ಟೋ ಬಾಗಿಲು ಮಾಡಿದ್ದೇನೆ. ಸೂಲಿಬೆಲೆಯಲ್ಲಿ ಎರಡು ಅಂಕಣದ ಮನೆಗಳಿಗೆ ಮಾಡಿದ್ದೇನೆ, ದಂಡಿನಲ್ಲಿ ಗಾಜಿನ ಬಾಗಿಲು ಮಾಡಿದ್ದೇನೆ. ಆದರೆ ಅಂಥದ್ದನ್ನು ಕಂಡಿರಲಿಲ್ಲ. ಮನೆ ಕಲ್ಲಿನ ಕೋಟೆಯಂತೆ ಆಳೆತ್ತರಕ್ಕಿಂತ ಎಷ್ಟೋ ಮೇಲೆ ಎದ್ದು ನಿಂತಿದೆ, ಬಾಗಿಲು ಮಾತ್ರ ಕುಳ್ಳು. ನಾನೇ ಬಗ್ಗಿ ಹೋಗಬೇಕು ಎನ್ನುವಷ್ಟು. ಇದನ್ನು ನೋಡಿ ನನಗೆ ಖುಷಿಯಾಯಿತು. ನಮ್ಮ ಹಳೆಯ ಮನೆಗಳದೂ ಹೀಗೇ ಅಲ್ಲವೇ? ಬರುವವನು ಎಷ್ಟು ದೊಡ್ಡವನಾದರೂ ತಲೆ ತಗ್ಗಿಸಿ ಬರಲಿ ಎಂದು. ಬಾಗಿಲವಾಡವೆಲ್ಲ ಕಲ್ಲು. ಅಂಚು ಚೂಪಾಗಿಲ್ಲ, ತೋಳಿನ ದಪ್ಪಕ್ಕೆ ದುಂಡಗೆ ಉರುಳಿಸಿದ ಹಾಗೆ ಕೆತ್ತಿದ್ದಾರೆ. ಹೊಸಿಲಿನ ಕಲ್ಲು ನಡುವೆ ಸವೆದು ಒರಳಿನಂತೆ ತಗ್ಗಾಗಿದೆ. ಎಷ್ಟು ತಲೆಮಾರಿನ ಕಾಲೋ!

ಕದ ಓಕ್ ಎಂಬ ಮರದ್ದು. ನಮ್ಮ ಮತ್ತಿಯ ಜಾತಿಯ ಗಡಸು. ಹೊರಗಡೆ ಉದ್ದುದ್ದ ಹಲಗೆ, ಅದರ ಹಿಂದೆ ಅಡ್ಡಡ್ಡ ಹಲಗೆ, ಎರಡನ್ನೂ ಕೂಡಿಸಿ ಸಾಲಾಗಿ ತಲೆ ಉಬ್ಬಿದ ಕಬ್ಬಿಣದ ಗುಬ್ಬಿಮೊಳೆ ಬಡಿದಿದ್ದಾರೆ. ಕೊಡಲಿಯಿಂದ ಹೊಡೆದರೂ ಒಂದು ಪದರ ಸೀಳಿದರೆ ಇನ್ನೊಂದು ಹಿಡಿಯಬೇಕು ಎಂಬ ಲೆಕ್ಕ. ಮಾಡಿದವನಿಗೆ ತಲೆಯಿತ್ತು. ಪಕ್ಕದಲ್ಲಿ ಹುರಿಗಟ್ಟಿದ ಹಗ್ಗದಂತೆ ತಿರುಚಿದ ಒಂದು ಕಬ್ಬಿಣದ ಸರಳು, ಅದಕ್ಕೆ ಒಂದು ಬಳೆ. ಬಂದವರು ಬಾಗಿಲು ತಟ್ಟುವುದಿಲ್ಲ, ಬಳೆಯನ್ನು ಸರಳಿನ ಮೇಲೆ ಮೇಲಕ್ಕೂ ಕೆಳಕ್ಕೂ ಎಳೆಯುತ್ತಾರೆ. ಕರಕರ ಎಂದು ಸದ್ದಾಗುತ್ತದೆ. ದಬದಬ ಬಡಿದು ಮನೆಯವರ ಎದೆ ಒಡೆಸುವ ಹಾಗಿಲ್ಲ. ಬಾಗಿಲಿನ ಎರಡು ಪಕ್ಕದ ಗೋಡೆಯಲ್ಲಿ ಮಾತ್ರ ಬಂದೂಕು ತೂರಿಸಲು ಎರಡು ತೂತು! ಬಂದವನು ಬೇಡದವನಾದರೆ ಅಲ್ಲಿಂದಲೇ ಮಾತಾಡಿಸುತ್ತಿದ್ದರೋ ಏನೋ.

ಮೇಲಿನ ಅಡ್ಡಗಲ್ಲಿನಲ್ಲಿ ಅಕ್ಷರಗಳಿದ್ದವು. ಎಡಕ್ಕೆ ಎರಡು, ಬಲಕ್ಕೆ ಎರಡು, ನಡುವೆ ಒಂದು ಹೃದಯದ ಗುರುತು. ವೀರಣ್ಣನನ್ನು ಕೇಳಿದೆ.

"ಮನೆ ಕಟ್ಟಿಸಿದ ಗಂಡನ ಹೆಸರಿನ ಅಕ್ಷರ ಒಂದ್ಕಡೆ, ಹೆಂಡ್ತೀದು ಒಂದ್ಕಡೆ. ಹೆಂಡ್ತೀದು ಅವಳ ತವರುಮನೆ ಹೆಸರೇ ಅಪ್ಪ."

ಇದನ್ನು ಕೇಳಿ ನನಗೆ ನಮ್ಮವರ ಮೇಲೆ ಸಿಟ್ಟು ಬಂತು. ಹೆಂಡತಿಯ ಕೊರಳು ಕಿವಿ ಬರಿದು ಮಾಡಿ ಮನೆ ಕಟ್ಟಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಯಾರ ಬಾಗಿಲಿನ ಮೇಲೆ ಹೆಂಗಸಿನ ಹೆಸರು ಕಂಡಿದ್ದೀರಿ? ಆಮೇಲೆ ಅಲ್ಲಿಯವರ ಮೇಲೂ ಬಂತು. ಗಂಡನ ಹೆಸರು, ಹೆಂಡತಿಯ ಹೆಸರು ಎಲ್ಲ ಸರಿ, ಕದ ಮಾಡಿದ ಬಡಗಿಯ ಹೆಸರೆಲ್ಲಿ? ಮೂಲೆ ಮೂಲೆ ಹುಡುಕಿದೆ. ಇಲ್ಲ. ಆ ವಿಷಯದಲ್ಲಿ ಎರಡು ದೇಶವೂ ಒಂದೇ.

ಇನ್ನೂ ದೊಡ್ಡ ಸಿಟ್ಟಿನ ವಿಷಯ ಹೇಳಿಲ್ಲ. ಅಂಥ ಮರಕ್ಕೆ ಯಾವನೋ ಪಾಪಿ ದಪ್ಪ ಹಸಿರು ಬಣ್ಣ ಬಳಿದಿದ್ದ. ಮೊಳೆಯ ತಲೆಯ ಮೇಲೂ ಬಣ್ಣ, ಸಂದಿಯಲ್ಲೂ ಬಣ್ಣ. ಹಲಗೆಯ ಮೇಲೆ ಕಾಗದ ಅಂಟಿಸಿ ಸಣ್ಣ ಮೊಳೆ ಹೊಡೆದ ಗುರುತು ಬೇರೆ. ಯುದ್ಧದ ಕಾಲದಲ್ಲಿ ಸೈನಿಕರು ಈ ಬಂಗಲೆಯಲ್ಲಿ ಇಳಿದಿದ್ದರಂತೆ. ಯುದ್ಧ ಮಾಡುವುದು ಶತ್ರುವಿನ ಮೇಲೆ. ಬಾಗಿಲು ಏನು ಮಾಡಿತ್ತು ಅವರಿಗೆ?

"ಇರ್ಲಿ. ಹನ್ನೊಂದನೇ ದಿನ ಈ ಬಾಗಿಲು ತೆಗೆಸಬೇಕು. ದೊರೆ ಅಕ್ಕನಿಗೆ ಹೇಳಿಡು" ಎಂದೆ.

ವೀರಣ್ಣ ನೆಲ ನೋಡಿದ. "ಈ ಬಾಗಿಲು ತೆಗೆಯಲ್ಲಪ್ಪ. ನಾವೆಲ್ಲ ಅಡುಗೆಮನೆ ಬಾಗಿಲಲ್ಲೇ ಓಡಾಡೋದು."

"ಯಾಕೆ ತೆಗೆಯಲ್ಲ?"

"ಕೇಳಿಲ್ಲ."

"ಒಂದು ವರ್ಷದಿಂದ ಇದ್ದೀಯ, ಕೇಳಿಲ್ವಾ?"

"ಇಲ್ಲಿ ಹಂಗೆಲ್ಲ ಕೇಳಲ್ಲ ಅಪ್ಪ. ಮುಂಬಾಗಿಲು ದೊರೆಗಳ ಕಡೆಯೋರಿಗೆ ಮಾತ್ರ ಇರ್ಬೇಕು. ಇರೋಕೆ ಜಾಗ ಕೊಟ್ಟವ್ರೆ, ಸುಮ್ನಿರಪ್ಪ."

ನಂದಗುಡಿಯಲ್ಲಿ ದಾರಿಹೋಕನೂ ಇವತ್ತೇನು ಸಾರು ಎಂದು ಕೇಳಿಕೊಂಡು ಹೋಗುತ್ತಾನೆ. ಇಲ್ಲಿ ಒಂದೇ ಸೂರಿನ ಕೆಳಗೆ ವರ್ಷವಿದ್ದು ಬಾಗಿಲು ಯಾಕೆ ಮುಚ್ಚಿದೆ ಎಂದು ಕೇಳುವುದಿಲ್ಲವಂತೆ!

"ನನ್ನ ಮೊಮ್ಮಗಳು ಪಾತ್ರೆ ತೊಳೆಯೋ ಕಡೆಯಿಂದ ಮನೇಗೆ ಬರ್ಬೇಕಾ? ನಾನು ಮಾಡಿದ ಬೀರೂನ ಬಿಚ್ಚಿ ತುಂಡು ತುಂಡಾಗಿ ಅಡುಗೆಮನೆ ಬಾಗಿಲಲ್ಲಿ ತಂದ್ರಿ, ಸರಿ. ಕೂಸನ್ನೂ ಬಿಚ್ಚಿ ತರ್ತೀರೇನೋ?"

ಮೂರನೆಯ ದಿನ

ನಮಗೂ ಸ್ವಾತಂತ್ರ್ಯ ಬಂದಿದೆ, ಹೇಗೆ ಬಂತು ಎಂಬುದನ್ನೂ ನೋಡಿದ್ದೇನೆ. ಬೀರಿನ ಒಂದು ಬೆಣೆಯನ್ನೂ ಮುಟ್ಟುವುದಿಲ್ಲ ಎಂದು ಹೇಳಿ, ಕಂಬಳಿ ಹೊದ್ದು ಮುಂಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮಗ ಕಾಲೇಜಿಗೆ ಹೋಗುವಾಗ ಕೈಮುಗಿದ, ಬೈದ. ನಾನು ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ದೊರೆಯ ಅಕ್ಕ, ಆ ಮನೆಯ ದೊರೆಸಾನಿ ಬಂದರು. ಎಪ್ಪತ್ತರ ಆಸುಪಾಸಿನ ಹೆಂಗಸು, ತೆಳ್ಳಗೆ ಎತ್ತರ, ಮೈಮೇಲೆ ಮೊಣಕೈಗೆ ತೇಪೆ ಹಾಕಿದ ಗಂಡಸಿನ ಕೋಟು, ಕಾಲಿಗೆ ಮಂಡಿಯವರೆಗೆ ರಬ್ಬರ್ ಬೂಟು, ಕೈಯಲ್ಲಿ ಕೆಸರು ಹತ್ತಿದ ಗೆಡ್ಡೆಗಳ ಬುಟ್ಟಿ. ಈಗ ಬಾಗಿಲು ತೆಗೆಸುತ್ತಾರೆ, ಆಗ ಕೇಳೇಬಿಡುತ್ತೇನೆ ಎಂದು ಎದ್ದು ನಿಂತೆ. ಅವರು ನನಗೆ ತಲೆಯಾಡಿಸಿ, ನನ್ನನ್ನು ದಾಟಿ, ಮನೆಯನ್ನು ಬಳಸಿಕೊಂಡು ಹಿಂದಕ್ಕೆ ಹೋದರು. ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿತು.

ನಾನು ನಿಂತೇ ಇದ್ದೆ. ಮನೆಯ ಒಡತಿಯೂ ಹಿತ್ತಿಲಿಂದಲೇ ಹೋಗುತ್ತಾಳೆ ಎಂದರೆ, ನಾನು ಯಾರ ಮೇಲೆ ಸತ್ಯಾಗ್ರಹ ಕೂತಿದ್ದು?

ಸಂಜೆ ವೀರಣ್ಣನನ್ನು ಮುಂದೆ ಬಿಟ್ಟುಕೊಂಡು ಅವರ ಬಳಿ ಹೋದೆ. ಕೇಳು ಎಂದೆ. ಅವನು ಕೇಳಲಾರದೆ ಕೇಳಿದ. ಅವರು ದೀಪ ಹಿಡಿದು ಒಳಗಿನ ಪಡಸಾಲೆಗೆ ಕರೆದುಕೊಂಡು ಹೋದರು.

ಕದದ ಒಳಮೈ ಅಲ್ಲಿ ಕಂಡಿತು. ಪಕ್ಕದ ಗೋಡೆಗೆ ಒರಗಿದಂತೆ ಇನ್ನೊಂದು ಬಾಗಿಲು, ಬರೀ ಕಬ್ಬಿಣದ ಸರಳಿನದು. ಉದ್ದ ಸರಳು ಅಡ್ಡ ಸರಳಿನ ಹೊಟ್ಟೆ ತೂರಿ ಹೋಗಿದೆ, ಮುಂದಿನದರಲ್ಲಿ ಅಡ್ಡ ಸರಳು ಉದ್ದದ ಹೊಟ್ಟೆ ತೂರಿದೆ. ಚಾಪೆ ಹೆಣೆದ ಹಾಗೆ! ಒಂದನ್ನು ಕಿತ್ತರೆ ಇನ್ನೊಂದು ಬಿಡುವುದಿಲ್ಲ. ನಮ್ಮ ಊರಿನ ಕುಲುಮೆಯವರಿಗೆ ಇದನ್ನು ಹೇಳಿದಾಗ "ಸುಳ್ಳು ಹೇಳ್ಬೇಡಿ ಆಚಾರ್ರೇ" ಎಂದರು. ಮಣ್ಣಿನ ಮೇಲೆ ಗೀಚಿ ತೋರಿಸಿದ ಮೇಲೆ ಬಾಯಿ ಮುಚ್ಚಿದರು.

ದೊರೆಸಾನಿ ದೀಪವನ್ನು ಕದದ ನಡುವಿಗೆ ಹಿಡಿದರು. ನಾನು ನಕ್ಕುಬಿಟ್ಟೆ. ಅಗುಳಿ! ನಮ್ಮ ಹಳ್ಳಿಯ ಹಳೆಯ ಮನೆಗಳಲ್ಲಿ ಇರುವಂಥದೇ. ಗೋಡೆಯ ದಪ್ಪದೊಳಗೆ ಒಂದು ಉದ್ದನೆಯ ಗೂಡು, ಅದರಲ್ಲಿ ಮಲಗಿರುವ ಚೌಕದ ತೊಲೆ. ಬೇಕಾದಾಗ ಎಳೆದರೆ ಕದದ ಹಿಂದೆ ಅಡ್ಡ ಬಂದು ಎದುರಿನ ಗೋಡೆಯ ಕುಳಿಯಲ್ಲಿ ಕೂರುತ್ತದೆ. ಬೇಡವಾದಾಗ ನೂಕಿದರೆ ಗೂಡಿಗೆ ಹೋಗುತ್ತದೆ. ಸೈನಿಕರು ಹೋಗುವ ಮುಂಚೆ ಅದನ್ನು ಎಳೆದು ಕುಳಿಗೆ ಬಡಿದು ಕೂರಿಸಿದ್ದರು, ಸಂದಿಗೆ ಬಣ್ಣ ಸುರಿದಿದ್ದರು. ಸಾಲದ್ದಕ್ಕೆ ಮಳೆನೀರು ಗೋಡೆಯೊಳಗೆ ಇಳಿದು ಮರ ಉಬ್ಬಿತ್ತು. ಅಲ್ಲಾಡುವುದಿಲ್ಲ. ಪೇಟೆಯಿಂದ ಇಬ್ಬರು ಬಡಗಿಗಳು ಬಂದು ನೋಡಿ, ತೊಲೆಯನ್ನು ನಡುವೆ ಗರಗಸ ಹಾಕಿ ಕೊಯ್ಯಬೇಕು ಎಂದರಂತೆ.

"ಬಾಗಿಲು ಹುಟ್ಟಿದ ದಿನದಿಂದ ಇರೋ ಮರ ಅಂತೆ. ಕೊಯ್ಸಲ್ಲ, ಬೇಕಾದ್ರೆ ಸಾಯೋವರೆಗೂ ಹಿತ್ತಿಲಲ್ಲಿ ಓಡಾಡ್ತೀನಿ ಅಂದ್ಬಿಟ್ರಂತೆ" ಎಂದು ವೀರಣ್ಣ ಹೇಳಿದ. "ಮನೇಗೆ ಮುಂಬಾಗಿಲಿಲ್ಲ ಅಂತ ಬಂದೋರ ಹತ್ರ ಹೇಳೋಕೆ ನಾಚಿಕೆ. ಅದಕ್ಕೆ, ತೆಗೆಯಲ್ಲ ಅಂತಷ್ಟೇ ಹೇಳೋದಂತೆ."

ಕೊಯ್ಯುವುದಂತೆ! ಆ ಬಡಗಿಗಳು ನನ್ನ ಕೈಗೆ ಸಿಕ್ಕಿದ್ದರೆ ಅವರ ಗರಗಸವನ್ನು ಕಿತ್ತುಕೊಂಡು ಕಳಿಸುತ್ತಿದ್ದೆ. "ಅಮ್ಮಾ, ನೀವು ಮಾಡಿದ್ದೇ ಸರಿ" ಎಂದು ದೊರೆಸಾನಿಗೆ ಕನ್ನಡದಲ್ಲೇ ಹೇಳಿದೆ. ಮಗ ಬಾಯಿ ಬಿಡುವ ಮೊದಲೇ ಅವರು ತಲೆಯಾಡಿಸಿದರು.

ನಾಲ್ಕನೆಯ ದಿನದಿಂದ ಏಳರವರೆಗೆ

ನಮ್ಮಲ್ಲಿ ಮಳೆಗಾಲದಲ್ಲಿ ಅಗುಳಿ ಹಿಡಿದರೆ ಮಾಡುವ ಕೆಲಸ ಗೊತ್ತಿದ್ದವರಿಗೆ ಗೊತ್ತು. ಒಲೆಯ ಬಿಸಿ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಮರಕ್ಕೆ ಸುತ್ತಬೇಕು. ಆರಿದರೆ ಬದಲಾಯಿಸಬೇಕು. ಮರ ಕುಡಿದ ನೀರನ್ನು ನಿಧಾನವಾಗಿ ಬಿಡುತ್ತದೆ. ಅವಸರ ಮಾಡಿದರೆ ಸೀಳುತ್ತದೆ. ಆಮೇಲೆ ಸಂದಿಗೆ ಎಣ್ಣೆ. ಆಮೇಲೆ ತಟ್ಟಬೇಕು. ಹೊಡೆಯಬಾರದು, ತಟ್ಟಬೇಕು.

ಸಹಾಯಕ್ಕೆ ದೊರೆಸಾನಿ ತಮ್ಮ ತೋಟಗಾರ ಆಂಗಸ್ ಎಂಬ ಮುದುಕನನ್ನು ಕೊಟ್ಟರು. ನನ್ನ ವಯಸ್ಸಿನವನೇ, ಮೀಸೆ ಕೆಂಪು. ಬಂದವನೇ ಕಲ್ಲು ಒಡೆಯುವಂಥ ಸುತ್ತಿಗೆ ತಂದ.

"ಇಡೋ ಅದನ್ನ! ಬಾಗಿಲಾ ಬಂಡೇನಾ ಇದು?" ಎಂದು ನಾನು ಕೂಗಿದೆ. ಅವನೂ ತನ್ನ ಮಾತಿನಲ್ಲಿ ಏನೋ ಕೂಗಿದ. ಇಬ್ಬರೂ ಚೆನ್ನಾಗಿ ಬೈದುಕೊಂಡೆವು. ಅವನದು ಅವನಿಗೆ, ನನ್ನದು ನನಗೆ. ಆದರೂ ಸುತ್ತಿಗೆ ಕೆಳಗಿಟ್ಟ. ಮಧ್ಯಾಹ್ನದ ಹೊತ್ತಿಗೆ ಬೂದಿ ಆರುವ ಮುಂಚೆ ಅವನೇ ಹೊಸದು ತಂದುಕೊಡತೊಡಗಿದ. ಗಾಜಿನ ಚೂರಿನಿಂದ ಬಣ್ಣ ಹೆರೆಯುವುದನ್ನು ತೋರಿಸಿಕೊಟ್ಟೆ. ಹಸಿರು ಸಿಪ್ಪೆ ಹೋಗಿ ಕೆಳಗಿನ ಮರ ಹುರಿದ ರಾಗಿಯ ಬಣ್ಣದಲ್ಲಿ ಹೊರಬಂದಾಗ ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಎಣ್ಣೆಗೆ ಬಂತು ಕಷ್ಟ. ಅಲ್ಲಿ ಯುದ್ಧ ಮುಗಿದರೂ ಎಲ್ಲಕ್ಕೂ ರೇಷನ್ನು. ಅವರು ತಂದುಕೊಟ್ಟ ಎಣ್ಣೆ ಮೀನಿನ ವಾಸನೆ ಹೊಡೆಯುತ್ತಿತ್ತು. ಕೂಸು ಬರುವ ಬಾಗಿಲಿಗೆ ಮೀನೆಣ್ಣೆಯೇ? ಹೆಂಡತಿ ಕೊಟ್ಟ ಹರಳೆಣ್ಣೆಯ ಸೀಸೆ ತೆಗೆದೆ. ಒಂದು ಹನಿ ಕೂಸಿನ ನೆತ್ತಿಗೆ ಎಂದು ಉಳಿಸಿ, ಮಿಕ್ಕಿದ್ದನ್ನೆಲ್ಲ ಬತ್ತಿಯಿಂದ ಸಂದಿಗೆ ಉಣಿಸಿದೆ.

ಏಳನೆಯ ದಿನ ಬೆಳಿಗ್ಗೆ ಮರದ ಕೊಡತಿಯಿಂದ ತಟ್ಟುತ್ತಾ ಕೂತೆ. ಒಂದೇ ಸಮ. ನೂರಾಯಿತು, ಇನ್ನೂರಾಯಿತು, ಎಣಿಕೆ ಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಸದ್ದು ಬದಲಾಯಿತು. ಕೊಡತಿಯ ಕೆಳಗೆ ಮರ "ಹೂಂ" ಎಂದಿತು. ಆಂಗಸ್‌ನ ಕೈ ಹಿಡಿದು ತೊಲೆಯ ಮೇಲಿಟ್ಟೆ. ಇಬ್ಬರೂ ಸೇರಿ ನೂಕಿದೆವು. ಅದು ಕಿರುಗುಟ್ಟಿ ಸರಿಯಿತು, ನಿಂತಿತು, ಆಮೇಲೆ ಗೋಡೆಯೊಳಗಿನ ತನ್ನ ಗೂಡಿಗೆ ಪೂರಾ ಹೋಯಿತು.

ಕದ ಕೀಲಿನಿಂದ ಒಂದು ಬೆರಳು ಕೆಳಗೆ ಕುಸಿದಿತ್ತು. ಬೆಣೆ ಕೊಟ್ಟು ಎತ್ತಿ, ಕೀಲಿನ ಗೂಟಕ್ಕೆ ಹಳೆಯ ಬೂಟಿನ ಚರ್ಮ ಕತ್ತರಿಸಿ ಬಳೆ ಮಾಡಿ ತೊಡಿಸಿದೆ. ಆಮೇಲೆ ದೊರೆಸಾನಿಯನ್ನು ಕರೆದು, ನೀವೇ ತೆಗೆಯಿರಿ ಎಂದು ಕೈ ತೋರಿಸಿದೆ. ಅವರು ತೆಗೆದರು. ಪಡಸಾಲೆಗೆ ಬೆಳಕು ಬಿತ್ತು. ಅವರು ಥ್ಯಾಂಕ್ಸ್ ಎಂದು ಹೇಳಿ ಟೀ ಮಾಡಲು ಹೋದರು. ಅಷ್ಟೇ! ಒಂದು ಹನಿ ಕಣ್ಣೀರಿಲ್ಲ, ಇನ್ನೊಂದು ಮಾತಿಲ್ಲ. ನಮ್ಮ ಊರಿನಲ್ಲಾಗಿದ್ದರೆ ಎಲೆ ಅಡಿಕೆ, ಪಂಚೆ, ಬಾಗಿಲ ಮುಂದೆ ಕಾಯಿ. ನನಗೆ ಕೆಟ್ಟ ಸಿಟ್ಟು ಬಂತು. ಟೀ ಬಂದಾಗ ನೋಡಿದೆ, ಅವರ ವಾರದ ಸಕ್ಕರೆಯೆಲ್ಲ ನನ್ನ ಬಟ್ಟಲಿನಲ್ಲೇ ಇತ್ತು. ಸಿಟ್ಟು ಇಳಿಸಿಕೊಂಡು ಕುಡಿದೆ.

ಮಿಕ್ಕ ದಿನಗಳಲ್ಲಿ ಬೀರು, ಮಂಚ ಎಲ್ಲ ಕೂಡಿಸಿಕೊಟ್ಟೆ.

ಹನ್ನೊಂದನೆಯ ದಿನ

ಕೂಸಿನ ಹನ್ನೊಂದನೆಯ ದಿನ ಎಂದರೆ ನಾನು ಬಂದ ಒಂಬತ್ತನೆಯ ದಿನ. ಬೆಳಿಗ್ಗೆ ಸ್ನಾನ ಮಾಡಿ ಹೊಸಿಲಿಗೆ ಅರಿಸಿನ ಬಳಿದು ಕುಂಕುಮ ಇಟ್ಟೆ. ಗಂಟು ಬಿಚ್ಚಿದರೆ ಮಾವಿನೆಲೆ ಹಡಗಿನಲ್ಲೇ ಪುಡಿಯಾಗಿತ್ತು. ಗೋಡೆಯ ಮೇಲೆ ಹಬ್ಬಿದ ಬಳ್ಳಿಯ ಎಲೆ ಕಿತ್ತು ಸರ ಮಾಡಿ ಗುಬ್ಬಿಮೊಳೆಗೆ ಕಟ್ಟಿದೆ. ತಿರುಗಿ ನೋಡುವಷ್ಟರಲ್ಲಿ ಆಂಗಸ್ ಬಕೆಟ್ಟಿನಲ್ಲಿ ನೀರು ತಂದು ನನ್ನ ಅರಿಸಿನ ಕುಂಕುಮವನ್ನೆಲ್ಲ ಉಜ್ಜಿ ತೊಳೆಯುತ್ತಿದ್ದ! ಕಲ್ಲಿಗೆ ಏನೋ ಚೆಲ್ಲಿದೆ ಎಂದುಕೊಂಡನಂತೆ. ನಾನು ಬೈದೆ, ಅವನೂ ಬೈದ. ಎರಡನೆಯ ಸಲ ಇಟ್ಟೆ. ಈ ಸಲ ಅವನು ಪಕ್ಕದಲ್ಲಿ ನಿಂತು ನಾಯಿ ತುಳಿಯದ ಹಾಗೆ ಕಾದ.

ಕೂಸನ್ನು ಕರೆತರಲು ವೀರಣ್ಣ ಬಾಡಿಗೆ ಕಾರಿನಲ್ಲಿ ಹೋಗಿದ್ದ. ನಾನು ಆರತಿ ತಟ್ಟೆ ಹಿಡಿದು ಹೊರಗೆ ನಿಂತೆ. ಕದ ಅಗಲಕ್ಕೆ ತೆರೆದಿದೆ, ಒಳಗೆ ದೊರೆಸಾನಿ. ಆವತ್ತು ರಬ್ಬರ್ ಬೂಟಿಲ್ಲ, ಮುತ್ತಿನ ಸರ ಹಾಕಿದ್ದರು.

ಕಾರು ಬಂದ ಸದ್ದಾಯಿತು. ಕಾಣಲಿಲ್ಲ. ಸದ್ದು ಮನೆಯ ಹಿಂದೆ ಹೋಯಿತು. ಕತ್ತು ಚಾಚಿ ನೋಡಿದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಮನೆಯ ಒಳಗಿನಿಂದ, ಕೂಸು ಅಳುವ ದನಿ ಕೇಳಿಸಿತು.

ಕಾರಿನವನು ಯಾವಾಗಲೂ ಹಿಂದಕ್ಕೇ ಬಂದು ಅಭ್ಯಾಸ, ಅಲ್ಲಿಗೇ ಹೋಗಿದ್ದಾನೆ. ಮಗ ಸಾಮಾನು ಇಳಿಸುವುದರಲ್ಲಿದ್ದ. ಆಸ್ಪತ್ರೆಯಲ್ಲಿದ್ದ ಸೊಸೆಗೆ ನಮ್ಮ ಬಾಗಿಲಿನ ಕಥೆ ಏನು ಗೊತ್ತು? ಚಳಿಗೆ ಕೂಸನ್ನು ಅವುಚಿಕೊಂಡು ಅಡುಗೆಮನೆಯಿಂದ ಒಳಗೆ ನಡೆದುಬಿಟ್ಟಿದ್ದಾಳೆ.

ನನ್ನ ಮೈಯೆಲ್ಲ ಉರಿದುಹೋಯಿತು. ಯಾರನ್ನು ಬೈಯಲಿ? ತಟ್ಟೆಯನ್ನು ಆಂಗಸ್‌ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕುಕ್ಕರಿಸಿದೆ.

ದೊರೆಸಾನಿ ಒಂದು ಕ್ಷಣ ನನ್ನನ್ನು ನೋಡಿದರು, ಸರಸರ ಒಳಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ನನ್ನ ಮೊಮ್ಮಗಳು. ಹಿಂದೆ ಕಮಲ. ಹೊಸಿಲಿನ ಒಳಗಡೆ ನಿಂತು, ಕೂಸನ್ನು ಎರಡು ಕೈಯಲ್ಲೂ ನನ್ನ ಕಡೆಗೆ ಚಾಚಿದರು. ತಗೋ ಎನ್ನುವ ಹಾಗೆ.

ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಕೈ ಬೆನ್ನಿಗೆ ಕಟ್ಟಿಕೊಂಡೆ. "ಬೇಡ ಬೇಡ! ಬೇಡ!" ಎಂದು ಕೂಗಿದೆ.

ಹೊಸಿಲಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಒಂದು ಮುಷ್ಟಿ ಉಪ್ಪನ್ನೂ ಕೊಟ್ಟು ತೆಗೆದುಕೊಳ್ಳುವುದಿಲ್ಲ ನಾವು. ಕೂಸನ್ನು ಕೊಡುವುದುಂಟೇ? ಆದರೆ ದೊರೆಸಾನಿಗೆ ಅದು ಹೇಗೆ ತಿಳಿಯಬೇಕು? ಅವರ ಮುಖ ಕೆಂಡವಾಯಿತು. ಕೂಸನ್ನು ಎದೆಗೆ ಅವುಚಿಕೊಂಡು ಬೈಯತೊಡಗಿದರು ನೋಡಿ! ಅಷ್ಟು ದಿನ ಮಾತನ್ನು ರೇಷನ್ನಿನಲ್ಲಿ ಕೊಡುತ್ತಿದ್ದ ಹೆಂಗಸು. ನನಗೂ ರೇಗಿತು, ನಾನೂ ಬೈದೆ. ಕೂಸು ಇಬ್ಬರಿಗಿಂತ ಜೋರಾಗಿ ಕೂಗಿತು. ವೀರಣ್ಣ ಅಡುಗೆಮನೆಯಿಂದ ಓಡಿ ಬಂದ.

"ಏನಂತಾರೋ ಇವರು?"

"ಅಪ್ಪಾ... ಹೆಣ್ಣು ಕೂಸು ಅಂತ ಮುಟ್ಟೋಕೆ ಹಿಂದೆಗೀತೀಯಾ, ಇಷ್ಟು ಬಾಗಿಲು ಮಾಡಿ ಏನು ಬಂತು, ನೀನು ತಗೊಳ್ಳದಿದ್ರೆ ಬಿಡು ಈ ಕೂಸು ನನ್ನ ಮನೇಲೇ ಬೆಳೆಯುತ್ತೆ ಅಂತವ್ರೆ."

ನನಗೆ! ಹೆಣ್ಣಿಗೆ ಹರಕೆ ಹೊತ್ತು ಹೊತ್ತು ಮೂರು ಗಂಡಿನ ಅಪ್ಪನಾದ ನನಗೆ! ಆ ದೇಶದಲ್ಲಿ ನನಗಾದ ಅವಮಾನಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. "ಹೇಳೋ, ಹೇಳೋ ಅವರಿಗೆ ಹೊಸ್ಲು ವಿಷಯ! ನಗ್ಬೇಡ, ಹೇಳೋ!"

ಅವನು ನಗುತ್ತಲೇ ಹೇಳಿದ. ದೊರೆಸಾನಿ ಕೇಳಿದರು. ಹೊಸಿಲನ್ನು ನೋಡಿದರು, ನನ್ನನ್ನು ನೋಡಿದರು. ಲಂಗ ಸ್ವಲ್ಪ ಎತ್ತಿ, ಅರಿಸಿನ ಕುಂಕುಮ ತುಳಿಯದ ಹಾಗೆ ಹುಷಾರಾಗಿ ಕಾಲು ದಾಟಿಸಿ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತರು. ಕೂಸನ್ನು ನನ್ನ ಕೈಗಿಟ್ಟರು.

ಗಾಜಿಲ್ಲ, ದಾದಿಯಿಲ್ಲ. ಬಿಸಿಯಾಗಿ, ಹಗುರವಾಗಿ, ಕೋಪದಿಂದ ಮುಖವೆಲ್ಲ ಕೆಂಪಗೆ. ನೆತ್ತಿಯನ್ನು ಮೂಸಿದೆ. ಅಳು ಒಂದೊಂದೇ ಬಿಕ್ಕಾಗಿ ನಿಂತು, ಕೂಸು ನಿದ್ದೆಹೋಯಿತು.

ಕಮಲಳೂ ಹೊರಗೆ ಬಂದು ನಿಂತಳು. ನನ್ನ ಕೈ ಖಾಲಿಯಿಲ್ಲ, ಆರತಿ ಎತ್ತುವವರು ಯಾರು? ದೊರೆಸಾನಿಗೆ ಕಣ್ಣಲ್ಲೇ ತೋರಿಸಿದೆ. "ಅಪ್ಪಾ, ಅವರಿಗೆ ಗಂಡ ಇಲ್ಲ" ಎಂದು ವೀರಣ್ಣ ಪಿಸುಗುಟ್ಟಿದ. "ಮುಚ್ಚೋ ಬಾಯಿ!" ಎಂದೆ. ನಮ್ಮಲ್ಲಿ ಇಬ್ಬರು ಮುತ್ತೈದೆಯರು ಎತ್ತುವ ಆರತಿಯನ್ನು ಅಲ್ಲಿ ದೊರೆಸಾನಿ ಒಂದು ಕಡೆ, ಕೆಂಪು ಮೀಸೆಯ ಆಂಗಸ್ ಒಂದು ಕಡೆ ಹಿಡಿದು ಎತ್ತಿದರು. ಒಬ್ಬರು ಎಡಕ್ಕೆ ಸುತ್ತಿದರೆ ಇನ್ನೊಬ್ಬರು ಬಲಕ್ಕೆ. ಕೆಂಪು ನೀರು ಅರ್ಧ ಆಂಗಸ್‌ನ ತೋಳಿಗೆ ಹೋಯಿತು.

ತಲೆ ಬಗ್ಗಿಸಿ, ಮೊಮ್ಮಗಳ ತಲೆಯ ಮೇಲೆ ಕೈ ಅಡ್ಡ ಹಿಡಿದು ಒಳಗೆ ಹೋದೆ. ಹಿಂದೆ ಎಲ್ಲರೂ ಬಂದರು. ಬಂದವರೆಲ್ಲ ಪಡಸಾಲೆಯಲ್ಲಿ ಸುತ್ತ ನಿಂತು ಕೂಸಿನ ಮುಖವನ್ನೇ ನೋಡುತ್ತಿದ್ದಾರೆ. ಇತ್ತ ತೆರೆದ ಬಾಗಿಲಿನಿಂದ ಗಾಳಿ ಚೂರಿಯ ಹಾಗೆ ಒಳಗೆ ಬರುತ್ತಿದೆ, ಕೂಸಿನ ಕಿವಿ ತಣ್ಣಗಾಗುತ್ತಿದೆ, ಒಬ್ಬರಿಗಾದರೂ ಬುದ್ಧಿ ಬೇಡವೇ!

"ಬಾಗಿಲು ಹಾಕ್ರೋ! ಕೂಸಿಗೆ ಚಳಿಯಾಗಲ್ವಾ? ಯಾರಿಗೂ ಕಣ್ಣಿಲ್ವಾ?" ಎಂದು ನಾನು ಕೂಗಿದೆ.

ಒಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ನಾನೇ ಹಿಮ್ಮಡಿಯಿಂದ ಕದವನ್ನು ಮೆಲ್ಲಗೆ ನೂಕಿದೆ. ಅಷ್ಟು ದೊಡ್ಡ ಕದ ಕಿರ್ರೆನ್ನದೆ, ದಡ್ಡೆನ್ನದೆ ಬಂದು ಕಲ್ಲಿಗೆ ಕೂತಿತು. ಕೂಸು ಕಣ್ಣುಮುಚ್ಚಿ ಮಲಗಿಯೇ ಇತ್ತು.